ಮೂರೋ ನಾಲ್ಕೋ: ತಾಳವಾಡಿಯಲ್ಲಿ ನಿಂತು ಡೆಲಿರಿಯಂ ಪರೀಕ್ಷೆಯನ್ನು ಓದಿದಾಗ

ನಾನು ಇವತ್ತು ಔಷಧದ ಬಗ್ಗೆ ಹೆಚ್ಚು ಮಾತಾಡಲ್ಲ, ಪ್ರಶ್ನೆಗಳ ಬಗ್ಗೆ ಮಾತಾಡ್ತೀನಿ. ಕೊನೆಗಾಲದ ಆರೈಕೆಯಲ್ಲಿರುವ ರೋಗಿಗೆ ಇದ್ದಕ್ಕಿದ್ದಂತೆ ಗಮನ ನಿಲ್ಲದೆ, ಗಳಿಗೆಗೊಂದು ರೀತಿ ಆಗುತ್ತಲ್ಲ, ಅದನ್ನು ವೈದ್ಯರು ಡೆಲಿರಿಯಂ ಅಂತಾರೆ. ಅದನ್ನು ಪತ್ತೆ ಮಾಡೋಕೆ ಕೆಲವು ಪ್ರಶ್ನೆಗಳಿವೆ. ಆ ಪ್ರಶ್ನೆಗಳು ಯಾವ ಭಾಷೆಯವು, ಯಾವ ಪಂಚಾಂಗದವು ಅನ್ನೋದೇ ನನ್ನ ತಕರಾರು.

ಮೊದಲು ಇದರ ಗಾತ್ರ ಎಷ್ಟು ಅಂತ ನೋಡೋಣ. ಉಪಶಮನ ಆರೈಕೆಯ ಒಳರೋಗಿಗಳ ಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ 2013ರಲ್ಲಿ ಒಂದು ಸಮೀಕ್ಷೆ ಬಂತು. ಅದರ ಪ್ರಕಾರ ದಾಖಲಾಗುವಾಗಲೇ ಶೇ. 13ರಿಂದ 42ರಷ್ಟು ಜನರಿಗೆ ಡೆಲಿರಿಯಂ ಇರುತ್ತದೆ. ಸಾವಿನ ಹಿಂದಿನ ವಾರಗಳಲ್ಲಿ ಅಥವಾ ಗಂಟೆಗಳಲ್ಲಿ ಅದು ಶೇ. 59ರಿಂದ 88. ಹಾಗಾದರೆ ಅದು ಹೊರಡುವ ಲಕ್ಷಣ, ಮಾಡೋಕೆ ಏನೂ ಇಲ್ಲ ಅನ್ನಬಹುದಾ? ಅನ್ನೋ ಹಾಗಿಲ್ಲ. ಕೆನಡಾದ ಎಡ್ಮಂಟನ್‌ನಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ನೋಡಿದ 2000ದ ಅಧ್ಯಯನದಲ್ಲಿ 94 ಸಲ ಕಾಣಿಸಿಕೊಂಡ ಡೆಲಿರಿಯಂನಲ್ಲಿ 46 ಸಲ ರೋಗಿ ಮೊದಲಿನ ಸ್ಥಿತಿಗೆ ಮರಳಿದರು. ಅಂದರೆ ಹೆಚ್ಚುಕಡಿಮೆ ಅರ್ಧ. ಮಗಳನ್ನು ಗುರುತು ಹಿಡಿದು ಎರಡು ಮಾತಾಡೋ ಅವಕಾಶ ಸಿಗುತ್ತೋ ಇಲ್ಲವೋ ಅನ್ನೋದು ಈ ಅರ್ಧದಲ್ಲಿದೆ.

ಈಗ ತಾಳವಾಡಿಗೆ ಬರೋಣ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳೀತು. ಮನೆಮಾತು ಕನ್ನಡ, ಕಚೇರಿ ತಮಿಳು. ಈ ಕಡೆ ಚಾಮರಾಜನಗರ ಹತ್ತಿರ. ಜಿಲ್ಲಾಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಮೇಲೆ ಹೋಗಬೇಕು. ಕಾಡುಪ್ರಾಣಿಗಳ ಸುರಕ್ಷತೆಗಾಗಿ ಆ ದಾರಿಯ ರಾತ್ರಿ ಸಂಚಾರಕ್ಕೆ 2022ರಲ್ಲಿ ಹೈಕೋರ್ಟು ನಿರ್ಬಂಧ ಹಾಕಿತು. ಡೆಲಿರಿಯಂ ಜಾಸ್ತಿಯಾಗೋದು ರಾತ್ರಿ ಹೊತ್ತೇ. ಜಾಗ ಬದಲಿಸಿದಷ್ಟೂ ಅದು ಕೆರಳುತ್ತದೆ ಕೂಡ. ಹಾಗಾಗಿ ಇಲ್ಲಿ ಹಾಸ್ಪೈಸ್ ಅಂದರೆ ಕಟ್ಟಡ ಅಂತ ಯೋಚಿಸದೆ, ಮನೆ ಬಾಗಿಲಿಗೆ ಬರುವ ನರ್ಸ್ ಅಂತ ಯೋಚಿಸಬೇಕು. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಶುರು ಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಯಲ್ಲೇ ಉಪಶಮನ ಆರೈಕೆ ಕೊಡುವುದೂ ಸೇರಿದೆ. ಒಳ್ಳೆಯ ಯೋಜನೆ. (ಹೆಸರನ್ನು ಕನ್ನಡದ ಕಿವಿಯಲ್ಲಿ ಕೇಳಿದರೆ ಮಕ್ಕಳನ್ನು ಹುಡುಕಿಕೊಂಡು ಬರುವ ವೈದ್ಯ ಅನ್ನಿಸುತ್ತೆ, ತಮಿಳಿನಲ್ಲಿ ಮಕ್ಕಳ್ ಅಂದರೆ ಜನ. ಇದು ತಮಾಷೆಯಲ್ಲ, ನಾನು ಹೇಳಹೊರಟದ್ದರ ಸಣ್ಣ ಮಾದರಿ.)

ಆ ನರ್ಸ್ ಕೈಯಲ್ಲಿ ಇರಬಹುದಾದ ಸಲಕರಣೆ ಫೋರ್ ಎ ಟಿ. ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದೆ, ಎರಡು ನಿಮಿಷದಲ್ಲಿ ಮುಗಿಯುತ್ತೆ. ನಾಲ್ಕು ಭಾಗ: ಎಚ್ಚರ ಹೇಗಿದೆ, ವಯಸ್ಸು, ಹುಟ್ಟಿದ ತಾರೀಖು, ಈಗಿರುವ ಜಾಗ, ಇಸವಿ ಗೊತ್ತಾ, ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳೋಕೆ ಆಗುತ್ತಾ, ಇತ್ತೀಚೆಗೆ ಇದ್ದಕ್ಕಿದ್ದಂತೆ ಬದಲಾವಣೆ ಆಗಿದೆಯಾ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಡೆಲಿರಿಯಂ ಇರಬಹುದು ಅಂತ ಲೆಕ್ಕ.

ಶಾಲೆಗೆ ಹೋಗದ, ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಪೂರ್ತಿ ಎಚ್ಚರವಾಗಿದ್ದಾರೆ, ಮೊಮ್ಮಗನಿಗೆ ಬೈತಿದ್ದಾರೆ. ಹುಟ್ಟಿದ ತಾರೀಖು ಗೊತ್ತಿಲ್ಲ, ಇಸವಿ ಗೊತ್ತಿಲ್ಲ. ಎರಡು ತಪ್ಪಿಗೆ 2 ಅಂಕ. ಇನ್ನು ತಿಂಗಳು. ಅವರ ತಿಂಗಳು ಶ್ರಾವಣ, ಕಾರ್ತಿಕ, ಡಿಸೆಂಬರ್ ಅವರದಲ್ಲ. ಬಾಯಿ ತೆರೆಯೋಲ್ಲ. ಪರೀಕ್ಷೆಯಲ್ಲಿ ‘ಶುರು ಮಾಡಲು ಒಪ್ಪಲಿಲ್ಲ’ ಅಂದರೆ 1, ‘ಶುರು ಮಾಡುವ ಸ್ಥಿತಿಯಲ್ಲಿಲ್ಲ’ ಅಂದರೆ 2. ಈ ಎರಡರ ನಡುವಿನ ಗೆರೆ ಎಳೆಯೋದು ನರ್ಸ್. ಅಜ್ಜಿಯ ಮಾತು ಅರ್ಥವಾಗದ ನರ್ಸ್ ಆದರೆ? ಒಟ್ಟು ಮೂರಾದರೆ ಬುದ್ಧಿ ಕುಂದಿದೆ, ನಾಲ್ಕಾದರೆ ಡೆಲಿರಿಯಂ. ಇಲ್ಲಿ ಅಳೆದದ್ದು ಅಜ್ಜಿಯ ಗಮನವನ್ನಲ್ಲ, ಅವರು ಶಾಲೆ ಕಲಿತಿದ್ದಾರಾ ಅನ್ನೋದನ್ನ.

ಅನುವಾದ ಮಾಡಿದರೆ ಸಾಕು ಅಂತ ನೀವು ಹೇಳಬಹುದು. ತಿಂಗಳ ಬದಲು ವಾರ ಕೇಳಬಹುದು, ನಿಜ. ಆದರೆ ಅಜ್ಜಿ ‘ಬೇಸ್ತವಾರ’ ಅಂದಾಗ, ‘ವಿಯಾಳಕ್ಕಿಳಮೈ’ ಕಲಿತು ಬಂದ ಕಿವಿಗೆ ಅದು ಸರಿಯುತ್ತರವೋ ಬಡಬಡಿಕೆಯೋ?

ಇಷ್ಟು ಹೇಳಿದ ಮೇಲೆ ಆ ಪರೀಕ್ಷೆಯ ಒಂದು ಗುಣವನ್ನು ಒಪ್ಪಿಕೊಳ್ಳಬೇಕು. ನಾಲ್ಕನೆಯ ಭಾಗಕ್ಕೆ ಒಂದೇ ಸಲಕ್ಕೆ 4 ಅಂಕ. ಅದನ್ನು ರೋಗಿಗೇ ಕೇಳಬೇಕಿಲ್ಲ, ಮಗಳಿಗೋ ಸೊಸೆಗೋ ಕೇಳಬಹುದು. 2010ರಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರಿಗೆ ಇದೊಂದೇ ಪ್ರಶ್ನೆ ಕೇಳಿ ನೋಡಿದವರೂ ಇದ್ದಾರೆ. ನನ್ನ ಪ್ರಕಾರ ತಾಳವಾಡಿಯಂಥ ಕಡೆ ಇಲ್ಲಿಂದಲೇ ಶುರು ಮಾಡಬೇಕು. “ನೆನ್ನೆ ಮೊನ್ನೆಯಿಂದ ನಿಮ್ಮವ್ವ ಎಂದಿನಂಗವರಾ?” ಅಂತ ಕೇಳಿದರೆ ಯಾವ ಸೊಸೆಗೂ ಅರ್ಥವಾಗುತ್ತದೆ.

ಇಲ್ಲೂ ಒಂದು ತೊಡಕಿದೆ, ಅದು ನಮ್ಮ ಕನ್ನಡದ್ದೇ. ಸನ್ನಿಪಾತದಿಂದ ಬಂದ ‘ಸನ್ನಿ’ ಈಗ ಬೈಗುಳವಾಗಿದೆ. ‘ಬಡಬಡಿಸು’, ‘ಕನವರಿಸು’ ಎಲ್ಲ ಸದ್ದು ಮಾಡುವ ರೋಗಿಯ ಮಾತುಗಳು. ‘ಅರಳುಮರಳು’ ವರ್ಷಗಟ್ಟಲೆಯದು. ಸುಮ್ಮನೆ ಮಂಕಾಗಿ, ಮಂಪರಿನಲ್ಲಿ ಬಿದ್ದಿರುವ ಡೆಲಿರಿಯಂಗೆ ನಮ್ಮಲ್ಲಿ ಹೆಸರೇ ಇಲ್ಲ. ಉಪಶಮನ ಆರೈಕೆಯಲ್ಲಿ ಹೆಚ್ಚು ಸಿಗೋದು ಅದೇ. “ಪಾಪ, ನೆಮ್ಮದಿಯಾಗಿ ಮಲಗವ್ರೆ” ಅಂತ ಮನೆಯವರು ಸಮಾಧಾನಪಟ್ಟುಕೊಳ್ತಾರೆ, ನರ್ಸೂ ಹಾಗೇ ಬರೆದುಕೊಂಡು ಹೋಗ್ತಾರೆ. ಆದ್ದರಿಂದ ಎರಡನೇ ಪ್ರಶ್ನೆಯೂ ಬೇಕು: “ಕರೆದರೆ ತಿರುಗಿ ನೋಡ್ತಾರಾ, ಮಾತು ಮುಗಿಯೋವರೆಗೆ ನಿಮ್ಮ ಕಡೆ ನಿಗಾ ಇರುತ್ತಾ?”

ಮಾರ್ಗಸೂಚಿಗಳಿಂದ ಉತ್ತರ ಸಿಗುತ್ತಾ ಅಂದರೆ, ಎಲ್ಲರೂ ಉಲ್ಲೇಖಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2010ರ ಡೆಲಿರಿಯಂ ಮಾರ್ಗಸೂಚಿ ಕೊನೆಗಾಲದ ಆರೈಕೆಯಲ್ಲಿರುವವರನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಹಾಸ್ಪೈಸ್‌ಗಳಲ್ಲಿ ರೂಢಿಯಿಂದ ಕೊಡುವ ಹ್ಯಾಲೊಪೆರಿಡಾಲ್ ಅನ್ನು ಆಸ್ಟ್ರೇಲಿಯಾದಲ್ಲಿ 247 ಉಪಶಮನ ರೋಗಿಗಳ ಮೇಲೆ ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಬಂತು. ಆ ಔಷಧ ಅಥವಾ ರಿಸ್ಪೆರಿಡೋನ್ ತೆಗೆದುಕೊಂಡವರಿಗಿಂತ ಹುಸಿಗುಳಿಗೆ ತೆಗೆದುಕೊಂಡವರ ಲಕ್ಷಣಗಳು ಕಡಿಮೆ ಇದ್ದವು. ಆ ಹುಸಿಗುಳಿಗೆಯವರಿಗೂ ಕಾರಣ ಹುಡುಕುವ ಆರೈಕೆ ಸಿಕ್ಕಿತ್ತು ಅನ್ನೋದನ್ನು ಮರೀಬಾರದು.

ಕಾರಣ ಹುಡುಕೋದು ಅಂದರೆ ದೊಡ್ಡ ಯಂತ್ರವೇ ಬೇಕು ಅಂತಲ್ಲ. ಮೂರು ದಿನದಿಂದ ಹೊಟ್ಟೆ ಕಟ್ಟಿದೆಯಾ, ಮೂತ್ರ ನಿಂತಿದೆಯಾ, ಜ್ವರ ಇದೆಯಾ, ನೀರು ಕುಡಿದಿದ್ದಾರಾ, ಮಾರ್ಫಿನ್ ಹೆಚ್ಚಿಸಿದ್ದು ಯಾವಾಗ, ಕನ್ನಡಕ ಎಲ್ಲಿದೆ? ಇವಕ್ಕೆಲ್ಲ ಉತ್ತರ ಗೊತ್ತಿರೋದು ಆ ಸೊಸೆಗೇ. ಮಾರ್ಫಿನ್ ವಿಷಯದಲ್ಲಿ ಮಾತ್ರ ಮನೆಯವರು ಹೆದರಿ ತಾವಾಗೇ ನಿಲ್ಲಿಸಬಾರದು. ನೋವೂ ಮನುಷ್ಯನನ್ನು ಹೀಗೇ ಮಾಡುತ್ತೆ. ಪ್ರಮಾಣ ಇಳಿಸೋದು, ಬದಲಿಸೋದು ವೈದ್ಯರ ಕೆಲಸ.

ಕೊನೆಗೆ ನನ್ನ ವಾದಕ್ಕೇ ಒಂದು ಆಕ್ಷೇಪ. ಕನ್ನಡದಲ್ಲಿ ಕೇಳಿಬಿಟ್ಟರೆ ಈ ಬೆಟ್ಟದ ಕೆಲಸ ಮುಗಿಯಲ್ಲ. ಸೋಲಿಗರ ಹಾಡಿಗಳಿವೆ, ಊರಾಳಿಗಳಿದ್ದಾರೆ, ಅವರ ನುಡಿಗಳು ಬೇರೆ. ಸತ್ತವರು ಬಂದು ಕರೀತಿದ್ದಾರೆ ಅಂತ ಹಾಡಿಯ ಹಿರಿಯರೊಬ್ಬರು ಹೇಳಿದರೆ ಅದು ಲಕ್ಷಣವೋ, ಅಲ್ಲಿಯ ಎಂದಿನ ಮಾತೋ? ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಅಲ್ಲಿಯೂ ಪಕ್ಕದಲ್ಲಿ ಕೂತಿರುವವರನ್ನೇ ಮೊದಲು ಕೇಳಬೇಕು, ಅವರ ನುಡಿ ಬಲ್ಲವರನ್ನು ಜೊತೆಗಿಟ್ಟುಕೊಂಡು.