ಹೊಸ್ತಿಲು ದಾಟಿಸದ ಕರೆಂಟು

ಪಾದ ಜೋತುಬಿದ್ದವರನ್ನು ಗುರುತಿಸಲು ಅವರ ನಡಿಗೆಯನ್ನೇ ನೋಡಬೇಕಿಲ್ಲ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿದರೆ ಸಾಕು. ಒಂದರ ತುದಿ ಮಾತ್ರ ಸವೆದು ಹಾಳೆಯಂತಾಗಿರುತ್ತದೆ. ಬೆಳಕವಾಡಿಯ ನೆಂಟರ ಮನೆ ಜಗಲಿ ಕೆಳಗೆ ಅಂಥದೊಂದು ಹವಾಯಿ ಚಪ್ಪಲಿ ಇತ್ತು. ಆ ಮನೆಯ ಅತ್ತಿಗೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ನಾಲ್ಕು ಬೆರಳೆತ್ತರದ ಹೊಸ್ತಿಲಿಗೆ ಬಲಗಾಲಿನ ಹೆಬ್ಬೆರಳು ದಿನಕ್ಕೆ ಹತ್ತು ಸಲ ತಾಗುತ್ತಿತ್ತು. ‘ಎತ್ಬೇಕು ಅಂತ ನಂಗ್ ಗೊತ್ತು ಕಣಪ್ಪ, ಕಾಲ್ಗೆ ಗೊತ್ತಾಗಲ್ವಲ್ಲ’ ಎಂದಿದ್ದರು. ಕಾಯಿಲೆಯ ವಿವರಣೆ ಇಷ್ಟು ಚೊಕ್ಕವಾಗಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಿಂದುಹಾಕುವ ರೋಗ ಇದು. ಮೇಲಿನಿಂದ ಹೊರಟ ಅಪ್ಪಣೆ ದಾರಿಯಲ್ಲೇ ಸೋರಿಹೋಗುತ್ತದೆ. ಬೆನ್ನುಹುರಿಯಿಂದ ಕಾಲಿಗೆ ಇಳಿಯುವ ನರವೂ ಸ್ನಾಯುವೂ ಮಾತ್ರ ಸರಿಯಾಗಿಯೇ ಇರುತ್ತವೆ. ಕರೆಂಟು ಕೊಟ್ಟು ಪಾದ ಎತ್ತಿಸುವ ಯಂತ್ರಗಳೆಲ್ಲ ನಂಬಿಕೊಂಡಿರುವುದು ಈ ಒಂದು ಸಂಗತಿಯನ್ನು. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಮೂಳೆಯ ಗಂಟೊಂದಿದೆ. ಅದನ್ನು ಬಳಸಿಕೊಂಡು ಪೆರೋನಿಯಲ್ ನರ ಇಳಿಯುತ್ತದೆ. ಅಲ್ಲೊಂದು, ಕಾಲಿನ ಮುಂಭಾಗದ ಸ್ನಾಯುವಿನ ಮೇಲೊಂದು ಅಂಟುಪ್ಯಾಡ್. ಹಿಮ್ಮಡಿ ನೆಲ ಬಿಟ್ಟೊಡನೆ ಪಾದರಕ್ಷೆಯೊಳಗಿನ ಸ್ವಿಚ್ಚು ಸುಳಿವು ಕೊಡುತ್ತದೆ, ಸಣ್ಣ ಕರೆಂಟು ಹರಿಯುತ್ತದೆ, ಪಾದ ಮೇಲೇಳುತ್ತದೆ. ಹಿಮ್ಮಡಿ ಊರಿದ ಮೇಲೆ ಕರೆಂಟು ನಿಲ್ಲುತ್ತದೆ. 1961ರಲ್ಲಿ ಅಮೆರಿಕದ ಲಿಬರ್ಸನ್ ಮತ್ತು ಸಂಗಡಿಗರು ಪಾರ್ಶ್ವವಾಯು ಆದವರಿಗೆಂದು ಹೂಡಿದ ಉಪಾಯ ಇದು. ಇಂಗ್ಲೆಂಡಿನ ಸಾಲಿಸ್‌ಬರಿ ಆಸ್ಪತ್ರೆಯಲ್ಲಿ ಬೆಳೆದ ಒಡ್‌ಸ್ಟಾಕ್ ಯಂತ್ರ ಈ ಉಪಾಯಕ್ಕೆ ಹೆಸರು ತಂದಿತು. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ, ಮೆದುಳು ಅಥವಾ ಬೆನ್ನುಹುರಿಯ ತೊಂದರೆಯಿಂದ ಪಾದ ಜೋತುಬಿದ್ದವರಿಗೆ ಇದನ್ನು ಬಳಸಬಹುದು ಎಂದಿತು.

ಫಿಸಿಯೋಥೆರಪಿ ಕೊಠಡಿಯಲ್ಲಿ ನನ್ನ ಕಾಲಿಗೂ ಹಚ್ಚಿಸಿಕೊಂಡು ನೋಡಿದ್ದೇನೆ. ಮೊದಲು ಇರುವೆ ಹರಿದ ಹಾಗೆ, ಆಮೇಲೆ ಜುಮುಜುಮು. ಗುಂಡಿಯನ್ನು ಇನ್ನೊಂದಿಷ್ಟು ತಿರುಗಿಸಿದರು, ಪಾದ ತಾನಾಗಿ ಎದ್ದು ನಿಂತಿತು. ನಾನು ಎತ್ತಿರಲಿಲ್ಲ. ನಮ್ಮದೇ ಕಾಲು ಇನ್ನೊಬ್ಬರ ಮಾತು ಕೇಳುವುದನ್ನು ನೋಡುವಾಗ ಬೆರಗಿಗಿಂತ ಹೆಚ್ಚಾಗಿ ಇರುಸುಮುರುಸಾಗುತ್ತದೆ. ಪ್ಯಾಡ್ ಒಂದು ಬೆರಳಗಲ ಸರಿದರೆ ಪಾದ ಮೇಲೇಳುವ ಬದಲು ಹೊರಕ್ಕೆ ತಿರುಚಿಕೊಳ್ಳುತ್ತದೆ. ಜಾಗ ಹುಡುಕುವುದೇ ಅರ್ಧ ಕೆಲಸ.

ಹಾಗಾದರೆ ಫಲವೆಷ್ಟು? ಎಂ.ಎಸ್. ರೋಗಿಗಳ ಮೇಲಿನ ಅಧ್ಯಯನಗಳನ್ನು ಒಟ್ಟುಹಾಕಿ 2017ರಲ್ಲಿ ಲೆಕ್ಕ ಹಾಕಿದಾಗ, ಯಂತ್ರ ಹಾಕಿಕೊಂಡರೆ ವೇಗ ಸೆಕೆಂಡಿಗೆ 5ರಿಂದ 8 ಸೆಂಟಿಮೀಟರ್ ಹೆಚ್ಚುತ್ತದೆ ಎಂದಾಯಿತು. ಒಂದು ಗೇಣೂ ಅಲ್ಲ ಎಂದು ನಗಬಹುದು. ನಾನು ನಗುವುದಿಲ್ಲ. ಎಡವದೆ, ಸೊಂಟ ಎತ್ತಿ ಕಾಲು ಬೀಸದೆ ನಡೆದವರಿಗೆ ಉಳಿಯುವ ತ್ರಾಣ ಆ ಸಂಖ್ಯೆಯೊಳಗೆ ಬರುವುದಿಲ್ಲ.

ನನ್ನ ತಕರಾರಿರುವುದು ಬೇರೆ ಕಡೆ. ಇಂಗ್ಲೆಂಡಿನಲ್ಲಿ 53 ಮಂದಿ ಎಂ.ಎಸ್. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಯಂತ್ರ, ಇನ್ನೊಂದಕ್ಕೆ ಮನೆಯಲ್ಲೇ ಮಾಡುವ ವ್ಯಾಯಾಮ ಕೊಟ್ಟು 18 ವಾರ ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಯಂತ್ರ ಹಾಕಿದಾಗ ನಡಿಗೆ ಚುರುಕಾಯಿತು, ಬಿಚ್ಚಿದರೆ ಹಳೇ ಕಾಲೇ. ಯಂತ್ರವಿಲ್ಲದ ನಡಿಗೆ ಸುಧಾರಿಸಿದ್ದು ವ್ಯಾಯಾಮದವರದ್ದು. ಅಂದರೆ ಇದು ಕನ್ನಡಕದ ಜಾತಿಯದು, ಮದ್ದಲ್ಲ. ಕನ್ನಡಕ ಹಾಕಿಕೊಂಡವರನ್ನು ಕಣ್ಣು ವಾಸಿಯಾಯಿತೇ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಮಾತ್ರ ‘ನರಕ್ಕೆ ಶಕ್ತಿ ಬರುತ್ತದೆ’ ಎಂಬ ಮಾತು ಬಲು ಬೇಗ ಸೇರಿಕೊಳ್ಳುತ್ತದೆ. ತಾಲ್ಲೂಕು ಪೇಟೆಗಳಲ್ಲಿ ಬಾಡಿಗೆ ಹಾಲ್ ಹಿಡಿದು, ವಯಸ್ಸಾದವರನ್ನು ಸಾಲಾಗಿ ಕೂರಿಸಿ, ಪಾದದಡಿ ಕರೆಂಟಿನ ಹಲಗೆ ಇಡುವ ‘ಉಚಿತ ಥೆರಪಿ’ಗಳನ್ನು ನೋಡಿದ್ದೀರಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರ ಕರೆಂಟು ಹೆಜ್ಜೆಯ ಹದ ನೋಡಿ ಹರಿಯುವುದಿಲ್ಲ.

ನಮ್ಮ ಕಡೆ ಪಾದ ಬಿದ್ದಿದೆ ಎಂದಾಗ ಹಿರಿಯರಿಗೆ ಮೊದಲು ನೆನಪಾಗುವುದು ಕುಷ್ಠ. ಅದರಲ್ಲಿ ಕೆಟ್ಟಿರುವುದು ಪೆರೋನಿಯಲ್ ನರವೇ ಆದ್ದರಿಂದ ಈ ಯಂತ್ರ ಅಲ್ಲಿ ಕೆಲಸಕ್ಕೆ ಬಾರದು. ಡಿಸ್ಕ್ ಜಾರಿ ನರದ ಬೇರು ಸತ್ತವರದ್ದೂ ಇದೇ ಪಾಡು. ಯಾವ ಕಾಲಿಗೆ, ಯಾಕೆ ಎಂದು ತಿಳಿಯದೆ ದುಡ್ಡು ಸುರಿಯುವ ಅಪಾಯ ಇರುವುದು ಇಲ್ಲೇ. ಎಂ.ಎಸ್. ನಮ್ಮಲ್ಲಿ ಅಪರೂಪ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಮಾಡಿದ ಎಣಿಕೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿ ಸಿಕ್ಕರು. ಇಷ್ಟು ಕಡಿಮೆ ಜನರಿಗಾಗಿ ಯಾರೂ ಯಂತ್ರವನ್ನು ನಮ್ಮ ಅಳತೆಗೆ ಹೊಲಿಯುವುದಿಲ್ಲ.

ಆ ಅಳತೆ ಎಲ್ಲಿ ತಪ್ಪುತ್ತದೆ ಎಂದರೆ ಹೊಸ್ತಿಲಲ್ಲಿ. ಹಿಮ್ಮಡಿ ಸ್ವಿಚ್ಚಿನ ಯಂತ್ರಕ್ಕೆ ಶೂ ಬೇಕು. ಬೆಳಕವಾಡಿಯಲ್ಲಿ ಶೂ ಹಾಕಿಕೊಂಡು ಅಡುಗೆಮನೆಗೆ ಯಾರು ಹೋಗುತ್ತಾರೆ? ಅತ್ತಿಗೆ ಎಡವುತ್ತಿದ್ದುದು ಬರಿಗಾಲಲ್ಲಿ: ಬಚ್ಚಲ ಮೆಟ್ಟಿಲು, ದೇವರ ಮನೆ, ಕೊಟ್ಟಿಗೆ. ವಾಕ್‌ಏಡ್‌ನಂಥ ಯಂತ್ರಗಳು ಕಾಲಿನ ಓರೆಯನ್ನೇ ಅಳೆದು ಕೆಲಸ ಮಾಡುತ್ತವೆ. ಅವಕ್ಕೆ ಶೂ ಬೇಕಿಲ್ಲ, ಸಾವಿರಾರು ಡಾಲರ್ ಬೇಕು. ಸೀರೆಯ ನೆರಿಗೆಯಡಿ ಯಂತ್ರದ ಪಟ್ಟಿ ಮುಚ್ಚಿಹೋಗುತ್ತದೆ ಎಂಬುದೊಂದು ಸಣ್ಣ ಲಾಭ. ಆದರೆ ಏಪ್ರಿಲ್ ಬಿಸಿಲಿಗೆ ಬೆವರಿದ ಕಾಲಲ್ಲಿ ಪ್ಯಾಡಿನ ಅಂಟು ಬಿಡುತ್ತದೆ. ಮೈ ದಣಿದಾಗ ಎಂ.ಎಸ್. ರೋಗಿಗಳ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಉಟ್‌ಹಾಫ್ 1890ರ ಸುಮಾರಿಗೇ ಗುರುತಿಸಿದ್ದರು. ಮೈ ಸ್ವಲ್ಪ ಬಿಸಿಯಾದರೂ ಲಕ್ಷಣಗಳು ಹೆಚ್ಚುತ್ತವೆ ಎಂದು ಆಮೇಲೆ ತಿಳಿಯಿತು. ಅಂದರೆ ಕಾಲು ಹೆಚ್ಚು ಬೀಳುವ ಹೊತ್ತಿಗೇ ಪ್ಯಾಡೂ ಕಳಚಿಕೊಳ್ಳುತ್ತದೆ. ಆಸ್ಪತ್ರೆಯ ಹತ್ತು ಮೀಟರ್ ಕಾರಿಡಾರ್ ತಂಪಾಗಿರುತ್ತದೆ, ಸಮತಟ್ಟಾಗಿರುತ್ತದೆ. ಬೆಂಗಳೂರಿನಲ್ಲಿ ಪರೀಕ್ಷೆಗೆಂದು ಯಂತ್ರ ಹಾಕಿದ ದಿನ ಅತ್ತಿಗೆ ಅಲ್ಲಿ ಚೆನ್ನಾಗಿಯೇ ನಡೆದರು. ಕಬ್ಬಿನ ಗದ್ದೆಯ ಬದುವಿನ ಮೇಲೆ, ನೀರು ಕಟ್ಟಿದ ಮರುದಿನ ನಡೆದು ತೋರಿಸಿ ಎಂದು ಯಾವ ಸಂಶೋಧಕನೂ ಕೇಳಿಲ್ಲ.

ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಪಾದವನ್ನು ಎತ್ತಿ ಹಿಡಿಯುವ ಸ್ಪ್ಲಿಂಟು, ಅದನ್ನು ಹೀಗಳೆಯುವವರೇ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ಎಂ.ಎಸ್. ಇರುವ ಕೆಲವರಿಗೆ ಸ್ಪ್ಲಿಂಟನ್ನೂ ಇನ್ನು ಕೆಲವರಿಗೆ ಯಂತ್ರವನ್ನೂ ಕೊಟ್ಟು ಒಂದು ವರ್ಷ ಹೋಲಿಸಿ ನೋಡಿದಾಗ ನಡಿಗೆಯ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಲೆಯಲ್ಲಿ ಅಜಗಜಾಂತರ. ಸ್ಪ್ಲಿಂಟಿಗೂ ಚಪ್ಪಲಿ ಬೇಕು, ಅದು ಬಿಗಿ, ಸೆಕೆ. ಸ್ನಾಯುವಿಗೆ ಕೆಲಸ ಕೊಡುವುದು ಯಂತ್ರವೇ. ಆದರೂ ಸಾಲ ಮಾಡಿ ಯಂತ್ರ ಕೊಳ್ಳಲು ಹೊರಟವರಿಗೆ ಈ ಹೋಲಿಕೆಯನ್ನು ಮೊದಲೇ ಹೇಳುವುದು ವೈದ್ಯರ ಕೆಲಸ. ಇನ್ನು ಎಂ.ಎಸ್. ನಡಿಗೆಗೆಂದೇ ನಾಲಿಗೆ ಮೇಲೆ ಕರೆಂಟಿನ ಬಿಲ್ಲೆ ಇಟ್ಟುಕೊಂಡು ವ್ಯಾಯಾಮ ಮಾಡುವ ಪೋನ್ಸ್ ಯಂತ್ರಕ್ಕೆ 2021ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿದೆ. ಅದಕ್ಕಿರುವ ಆಧಾರ ತೀರಾ ಸಣ್ಣ ಪ್ರಯೋಗಗಳದು, ಅದನ್ನು ಸದ್ಯ ಬದಿಗಿಡುವುದೇ ಲೇಸು.

ಬೆಳಕವಾಡಿಯಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿ ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ದಾರಿಯಲ್ಲಿದ್ದ ಹಳ್ಳಿಗಳು ದೀಪಕ್ಕೆ ದಶಕಗಟ್ಟಲೆ ಕಾದವು. ಅತ್ತಿಗೆಗೆ ಈ ಕಥೆ ಹೇಳಿದೆ. ‘ತಲೆಯಿಂದ ಹೊರಟಿದ್ದು ಕಾಲ್ಗೆ ಬರಲಿಲ್ಲ ಅನ್ನು’ ಎಂದು ನಕ್ಕರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರೂ ಇದೆ. ಅತ್ತಿಗೆ ಕಾರ್ಡು ಮಾಡಿಸಿಕೊಂಡಿದ್ದಾರೆ, ಯಂತ್ರ ಕೊಂಡಿಲ್ಲ. ಬೆಳಗಿನ ತಂಪಿನಲ್ಲಿ ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾರೆ, ಸಂತೆಗೆ ಹೋಗುವಾಗ ಸ್ಪ್ಲಿಂಟು ಹಾಕುತ್ತಾರೆ. ಹೋದ ಸಲ ಹೋದಾಗ ಅಡುಗೆಮನೆಯ ಹೊಸ್ತಿಲನ್ನು ಆಚಾರರಿಂದ ಕೆತ್ತಿಸಿ ತಗ್ಗಿಸಿದ್ದರು. ದೇವರ ಮನೆಯದ್ದನ್ನು ಮುಟ್ಟಲು ಬಿಟ್ಟಿಲ್ಲ.