ಕೊಟ್ರನೂ ಕೊಟ್ರೇಶಿಯೂ

ಸ್ವತಃ ಕಥೆಗಾರನಾದ ನಿರ್ದೇಶಕನು ಇನ್ನೊಬ್ಬ ಕಥೆಗಾರನ ವಸ್ತುವನ್ನು ಕೈಗೆತ್ತಿಕೊಂಡಾಗ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಡುವನೆಂಬುದು ವಿಚಾರಾರ್ಹವಾದ ವಿಷಯ. ಶ್ರೀ ನಾಗತಿಹಳ್ಳಿ ಚಂದ್ರಶೇಖರರು 1958ರಲ್ಲಿ ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಲ್ಲಿ ಜನಿಸಿದವರು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಬೋಧಿಸಿದವರು. ಕಥೆ ಕಾದಂಬರಿಗಳಿಂದ ಹೆಸರಾದ ಬಳಿಕ ಅವರು 1992ರಲ್ಲಿ ‘ಉಂಡೂ ಹೋದ ಕೊಂಡೂ ಹೋದ’ ಎಂಬ ಚಿತ್ರದಿಂದ ನಿರ್ದೇಶಕರಾದರು. ಮರುವರ್ಷದ ‘ಬಾ ನಲ್ಲೆ ಮಧುಚಂದ್ರಕೆ’ ಅವರದೇ ಕಾದಂಬರಿಯಿಂದ ಹುಟ್ಟಿತು. 1994ರ ‘ಕೊಟ್ರೇಶಿ ಕನಸು’ ಮಾತ್ರ ಪರರ ಕಥೆ. ಅದರ ನೆಲವೂ ಬೇರೆ.

ಮೂಲವು 1953ರಲ್ಲಿ ಕೊಟ್ಟೂರಿನಲ್ಲಿ ಜನಿಸಿದ ಶ್ರೀ ಕುಂ. ವೀರಭದ್ರಪ್ಪನವರ ‘ಕೊಟ್ರ ಹೈಸ್ಕೂಲಿಗೆ ಸೇರಿದ್ದು’. ಓದಬಯಸುವ ದಲಿತ ಬಾಲಕನೊಬ್ಬನಿಗೆ ಊರಿನ ಜಾತಿವ್ಯವಸ್ಥೆ ಅಡ್ಡಬರುವುದೇ ವಸ್ತು. ಕೊಟ್ಟೂರು ಬಸವೇಶ್ವರನ ಹೆಸರು ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮನೆಮನೆಯಲ್ಲಿಯೂ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಂದು ನೆಲಸಿರುವುದು. ಆದರೆ ಹೆಸರಿನ ಬಾಲವನ್ನು ಊರು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ: ಉಳ್ಳವನು ಕೊಟ್ರಪ್ಪನಾದರೆ ಇಲ್ಲದವನು ಬರಿಯ ಕೊಟ್ರ. ಕಥೆಯ ಶೀರ್ಷಿಕೆಯಲ್ಲಿ ಈ ಮೊಟಕು ಹೆಸರೇ ಇರುವುದು. ಅದರ ಮುಂದೆ ಶಾಲೆಯ ದಾಖಲೆಪುಸ್ತಕದಿಂದ ಎತ್ತಿ ಬರೆದಂತಹ ಒಣ ಸಂಗತಿ. ವ್ಯಂಗ್ಯವು ಆ ಒಣತನದಲ್ಲಿಯೇ ಅಡಗಿರುವುದು.

ನಿರ್ದೇಶಕರು ‘ಕೊಟ್ರ’ನನ್ನು ‘ಕೊಟ್ರೇಶಿ’ ಮಾಡಿದರು. ‘ಸೇರಿದ್ದ’ನ್ನು ‘ಕನಸು’ ಮಾಡಿದರು. ಮೊದಲನೆಯದು ಮಮತೆಯ ಕರೆ, ಎರಡನೆಯದು ಭಾವದ ಮಾತು. ವೀರಭದ್ರಪ್ಪನವರ ಗದ್ಯದಲ್ಲಿ ನಿರೂಪಕನೇ ಒಂದು ಪಾತ್ರ. ಅವನ ಅತಿಶಯೋಕ್ತಿ, ಕುಹಕ, ಬಳ್ಳಾರಿ ಸೀಮೆಯ ನುಡಿಗಟ್ಟು ಇವುಗಳನ್ನು ಕ್ಯಾಮರಾ ನೋಡಲಾರದು. ಆ ನಷ್ಟವು ದೊಡ್ಡದೇ. ಅದಕ್ಕೆ ಬದಲಾಗಿ ಚಿತ್ರವು ಬಾಲಕನ ಮುಖವನ್ನು ನಂಬಿತು. ಆ ಪಾತ್ರಕ್ಕಾಗಿ ವಿಜಯ ರಾಘವೇಂದ್ರರಿಗೆ ರಾಷ್ಟ್ರೀಯ ಬಾಲನಟ ಪ್ರಶಸ್ತಿ ದೊರೆತುದೂ, ಚಿತ್ರಕ್ಕೆ ಉತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದುದೂ ಆ ನಂಬಿಕೆ ಹುಸಿಯಾಗಲಿಲ್ಲವೆಂಬುದಕ್ಕೆ ಸಾಕ್ಷಿ. ಆದರೂ ಪ್ರೇಕ್ಷಕನ ಕರುಣೆ ಬಾಲಕನ ಕಡೆಗೆ ಹರಿದಷ್ಟೂ ಊರಿನ ಮೇಲಣ ಸಿಟ್ಟು ತೆಳುವಾಗುವ ಅಪಾಯವುಂಟು. ‘ಕೊಟ್ರ’ ಎಂಬ ಕರೆಯಲ್ಲಿದ್ದ ಅವಮಾನವು ‘ಕೊಟ್ರೇಶಿ’ಯಲ್ಲಿ ಕೇಳಿಸದು.

ಇದೇ ಕಥೆಗಾರರ ಇನ್ನೊಂದು ಕಥೆಯಿಂದ ಶ್ರೀ ಗಿರೀಶ ಕಾಸರವಳ್ಳಿಯವರು 2011ರಲ್ಲಿ ‘ಕೂರ್ಮಾವತಾರ’ವನ್ನು ನಿರ್ದೇಶಿಸಿದರು. ಧಾರಾವಾಹಿಯಲ್ಲಿ ಗಾಂಧಿಯ ವೇಷ ಹಾಕಿದ ಗುಮಾಸ್ತನಿಗೆ ಜನರು ಗಾಂಧಿಯ ಹೆಸರನ್ನೇ ಹೊರಿಸುವರು. (ಗಾಂಧೀಜಿಯ ಚಿತಾಭಸ್ಮದ ಸ್ಮಾರಕವುಳ್ಳ ಕೂಡ್ಲಿಗಿಯ ನೆರೆಯವರು ಇಂತಹ ಕಥೆ ಬರೆದುದು ಆಶ್ಚರ್ಯವಲ್ಲ.) ಅಲ್ಲಿಯೂ ಹೆಸರೇ ಹೊರೆ, ಕಾಸರವಳ್ಳಿಯವರು ಅದನ್ನು ಇಳಿಸಲಿಲ್ಲ.

ನಾಗತಿಹಳ್ಳಿಯವರ ಸ್ವಂತ ಕಥೆಯಾದ ‘ಅಮೆರಿಕಾ ಅಮೆರಿಕಾ’ದಲ್ಲಿ ಸೂರ್ಯ, ಭೂಮಿ, ಶಶಾಂಕರೆಂಬ ಮೂವರು ಇರುವರು. ಹೆಸರು ಕೇಳಿದೊಡನೆ ಅವರ ಪರಸ್ಪರ ದೂರಗಳು ತಿಳಿದುಬಿಡುವುವು. ಕರ್ತೃವಿನ ಕೈ ಅಲ್ಲಿ ಎದ್ದು ಕಾಣುವುದು. ಕೊಟ್ರೇಶಿಯ ಹೆಸರನ್ನಾದರೋ ಅವರು ಸ್ವಲ್ಪ ತಿದ್ದಿದರೇ ಹೊರತು ಕಲ್ಪಿಸಲಿಲ್ಲ. ಅದು ಕೊಟ್ಟೂರಿನ ರಥಬೀದಿಯಿಂದ ಬಂದುದು.