ದೋಣಿಯಿಂದ ಕಂಡ ಖಾಲಿ ಊರುಗಳು

ಜನ ಬಿಟ್ಟುಹೋದ ಊರನ್ನು ದೋಣಿಯಲ್ಲಿ ಕೂತು ನೋಡುವುದು ಸುಲಭ. ಆ ಊರಿನ ಬಗ್ಗೆ ನ್ಯಾಯವಾಗಿ ಬರೆಯುವುದು ಕಷ್ಟ. ಕೆನಡಾದ ಲೇಖಕ ಫಾರ್ಲಿ ಮೊವಾಟ್ (1921–2014) ಅವರ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿ, ಈ ಮಾತು ನಿಮಗೇ ಅರ್ಥವಾಗುತ್ತೆ.

ಒಂದು, 1969ರ ‘ದಿ ಬೋಟ್ ಹೂ ವುಡಂಟ್ ಫ್ಲೋಟ್’. ಮೊವಾಟ್ ತಮ್ಮ ಪ್ರಕಾಶಕ ಗೆಳೆಯ ಜ್ಯಾಕ್ ಮೆಕ್‌ಕ್ಲೆಲೆಂಡ್ ಜೊತೆ ಸೇರಿ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಒಂದು ಹಳೇ ಹಾಯಿದೋಣಿ ಕೊಳ್ಳುತ್ತಾರೆ. ಹೆಸರು ‘ಹ್ಯಾಪಿ ಅಡ್ವೆಂಚರ್’. ಆದರೆ ದೋಣಿ ಸೋರುವುದನ್ನು ನಿಲ್ಲಿಸೋದೇ ಇಲ್ಲ. ಮಂಜು, ಬಂಡೆ, ಕೈಕೊಡುವ ಎಂಜಿನ್: ಓದ್ತಾ ಓದ್ತಾ ನಗು ತಡೆಯೋಕಾಗಲ್ಲ. ಹಾಸ್ಯಸಾಹಿತ್ಯಕ್ಕೆ ಕೊಡುವ ಸ್ಟೀಫನ್ ಲೀಕಾಕ್ ಪದಕ 1970ರಲ್ಲಿ ಇದಕ್ಕೆ ಬಂತು.

ನೀವು ನಗುತ್ತಿರುವಾಗ ದಡದಲ್ಲಿ ಏನು ನಡೆದಿತ್ತು? ನ್ಯೂಫೌಂಡ್‌ಲ್ಯಾಂಡ್ ಕೆನಡಾ ಸೇರಿದ್ದು 1949ರಲ್ಲಿ. ರಸ್ತೆಯಿಲ್ಲದ, ಸಮುದ್ರವೇ ದಾರಿಯಾಗಿದ್ದ ಮೀನುಗಾರರ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆ, ಕರೆಂಟು ತಲುಪಿಸುವುದು ದುಬಾರಿ ಎಂದು ಜೋಯಿ ಸ್ಮಾಲ್‌ವುಡ್ ಸರಕಾರ ಜನರನ್ನೇ ಬೇರೆಡೆಗೆ ಸಾಗಿಸಿತು. 1954ರಿಂದ 1975ರೊಳಗೆ ಸುಮಾರು 300 ಹಳ್ಳಿಗಳು ಖಾಲಿಯಾದವು, ಸುಮಾರು 30,000 ಜನ ಊರು ಬಿಟ್ಟರು. ಮೊದಮೊದಲು ಊರಿನ ಎಲ್ಲರೂ ಒಪ್ಪಬೇಕಿತ್ತು. 1965ರ ನಂತರ ನೂರಕ್ಕೆ 90, ಆಮೇಲೆ 80 ಮಂದಿ ಒಪ್ಪಿದರೂ ಸಾಕಾಯಿತು. ಈ ಲೆಕ್ಕ ನೆರೆಹೊರೆಯವರನ್ನೇ ಎದುರುಬದುರು ನಿಲ್ಲಿಸಿತು. ಕೆಲವರು ಮರದ ಮನೆಯನ್ನೇ ನೀರಿನ ಮೇಲೆ ತೇಲಿಸಿಕೊಂಡು ಹೋದರು. ಹಿರಿಯರ ಗೋರಿಗಳನ್ನು ತೇಲಿಸೋಕಾಗುತ್ತಾ?

ನಗುವಿನ ಪುಸ್ತಕದಲ್ಲಿ ಈ ಜನ ಬರುತ್ತಾರೆ, ನಿಜ. ಆದರೆ ಹೆಚ್ಚಾಗಿ ಲೇಖಕರ ಪೇಚಾಟಕ್ಕೆ ಹಿನ್ನೆಲೆಯಾಗಿ ಬರುತ್ತಾರೆ. ಇದು ನನ್ನ ಮೊದಲ ತಕರಾರು. ಮೊವಾಟ್ ಬಂದುಹೋದ ಪ್ರವಾಸಿಯಲ್ಲ. 1960ರ ದಶಕದಲ್ಲಿ ಅದೇ ಕರಾವಳಿಯ ಬರ್ಜಿಯೊದಲ್ಲಿ ಮನೆಮಾಡಿ ಇದ್ದವರು. ಅವರಿಗೆ ಎಲ್ಲಾ ಗೊತ್ತಿತ್ತು.

ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ, ಒಂದು ವರ್ಷ ಮೊದಲೇ ಜಾನ್ ಡಿ ವಿಸರ್ ಅವರ ಛಾಯಾಚಿತ್ರಗಳ ಜೊತೆ ಬಂದ ‘ದಿಸ್ ರಾಕ್ ವಿದಿನ್ ದ ಸೀ’. ಇಲ್ಲಿ ನಗುವಿಲ್ಲ, ಸಂಕಟವಿದೆ. ಆದರೆ ಇಲ್ಲಿ ಇನ್ನೊಂದು ಕೊರತೆ: ಹಳೆಯ ಬದುಕು ಪೂರ್ತಿ ಚಿನ್ನವಾಗಿಬಿಡುತ್ತದೆ. ಮಗುವಿಗೆ ಜ್ವರ ಬಂದಾಗ ಡಾಕ್ಟರಿಲ್ಲದ ದ್ವೀಪದಿಂದ ಹೊರಡಲು ತಾಯಿಯೊಬ್ಬಳು ಮನಸಾರೆ ಕೈಯೆತ್ತಿದ್ದರೆ, ಅವಳ ಮಾತಿಗೆ ಈ ಶೋಕಗೀತೆಯಲ್ಲಿ ಜಾಗ ಎಲ್ಲಿ?

ಇಷ್ಟಾದರೂ ಎರಡನ್ನೂ ಓದಿ ಅಂತಲೇ ಹೇಳುತ್ತೇನೆ. ಒಂದರ ಕೊರತೆಯನ್ನು ಇನ್ನೊಂದು ತೋರಿಸಿಕೊಡುತ್ತದೆ.

ಊರು ಬಿಟ್ಟು ಮುಂಬೈ, ಪುಣೆ ಸೇರಿದ ನಾವೂ ಬೀಗ ಬಿದ್ದ ಮನೆಗಳ ಬಗ್ಗೆ ಬರೆಯುತ್ತೇವಲ್ಲ? ನಗಿಸುತ್ತೇವೆ, ಇಲ್ಲಾ ಅಳುತ್ತೇವೆ. ಬರೆಯುವ ವಿದ್ಯಾರ್ಥಿಗಳಿಗೆ ನನ್ನದೊಂದೇ ಮಾತು: ಬಾಗಿಲಿನ ಚಂದ ವರ್ಣಿಸುವ ಮೊದಲು ಬೀಗ ಹಾಕಿದವರನ್ನು ಹುಡುಕಿ, ಯಾಕೆ ಹೋದಿರಿ ಅಂತ ಕೇಳಿ. ಅವರ ಉತ್ತರ ನಿಮ್ಮ ಬರಹಕ್ಕೆ ಹೊಂದದಿದ್ದರೆ, ಬರಹವನ್ನೇ ಬದಲಾಯಿಸಿ.